ಗಣಕಯಂತ್ರದ ಆಟವೂ ತರಗತಿಯ ಪಾಠವೂ

ಓದುವ ಹೊತ್ತಿನಲ್ಲಿ ಓದಬೇಕು, ಆಡುವ ಹೊತ್ತಿನಲ್ಲಿ ಆಡಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆಟ ಪಾಠಗಳೆರಡೂ ಬೇಕಾದುವೇ; ಆದರೆ ಅವುಗಳ ನಡುವೆ ಒಂದು ಗೋಡೆ ಇರತಕ್ಕದ್ದು ಎಂಬುದು ಅವರ ಅಭಿಪ್ರಾಯ. ಈಚೆಗೆ ಆ ಗೋಡೆಯನ್ನು ಕೆಡವಬೇಕೆನ್ನುವವರು ಹೆಚ್ಚುತ್ತಿದ್ದಾರೆ. ಗಣಕಯಂತ್ರದ ಮೇಲೆ ಆಡುವ ಆಟಗಳ ಮೂಲಕ ಗಣಿತ, ಭೂಗೋಳ, ಚರಿತ್ರೆಗಳನ್ನು ಕಲಿಸಬಹುದು. ಹಾಗೆ ಕಲಿಸಿದರೇನೇ ಈ ಕಾಲದ ಹುಡುಗರ ತಲೆಗೆ ಹತ್ತುವುದು ಎಂದು ಅವರ ವಾದ. ಇದನ್ನು ಕೇಳಿ, ‘ತರಗತಿಯೇನು ಜಾತ್ರೆಯೇ?’ ಎಂದು ಮೂಗು ಮುರಿಯುವ ಉಪನ್ಯಾಸಕರೂ ನಮ್ಮ ಕಾಲೇಜಿನಲ್ಲಿಯೇ ಇದ್ದಾರೆ. ಅವರು ಯಾರೆಂದು ಹೇಳುವ ಧೈರ್ಯ ಅಂತಿಮ ವರ್ಷದ ವಿದ್ಯಾರ್ಥಿಗೆ ಇರಲಾರದು.

ಚರಿತ್ರೆಯನ್ನು ಐಚ್ಛಿಕವಾಗಿ ತೆಗೆದುಕೊಂಡು, ಮುಂದೆ ಬಿ.ಎಡ್. ಮುಗಿಸಿ ಮಾಸ್ತರನಾಗಬೇಕೆಂದಿರುವ ನನಗೆ ಇದು ಬರಿಯ ಚರ್ಚಾಕೂಟದ ವಿಷಯವಲ್ಲ. ನಾಳೆ ನನ್ನ ಮುಂದೆ ಕುಳಿತುಕೊಳ್ಳುವ ಮಕ್ಕಳಿಗೆ ಏನು ಕೊಡಬೇಕು, ಏನು ಕೊಡಬಾರದು ಎಂಬುದು ಇದರಲ್ಲಿ ಅಡಗಿದೆ. ಆದುದರಿಂದ ಈ ಎರಡು ಪಕ್ಷಗಳಿಗೂ ಪೂರ್ಣವಾಗಿ ಸೇರದ ನನ್ನ ಮತವನ್ನು ಇಲ್ಲಿ ಹೇಳಲೆತ್ನಿಸಿದ್ದೇನೆ.

ಮೊದಲಿಗೆ ಒಂದು ಮಾತು. ಇದು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚಲ್ಲ. 1964ರಷ್ಟು ಹಿಂದೆಯೇ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಚೆಸ್ಟರ್ ಪ್ರದೇಶದಲ್ಲಿ ಮೇಬಲ್ ಆಡಿಸ್ ಎಂಬ ಶಾಲಾ ಶಿಕ್ಷಕಿಯೊಬ್ಬರು, ಐ.ಬಿ.ಎಂ. ಸಂಸ್ಥೆಯ ವಿಲಿಯಂ ಮೆಕೇ ಎಂಬವರ ನೆರವಿನಿಂದ ‘ಸುಮೇರಿಯನ್ ಗೇಮ್’ ಎಂಬ ಆಟವನ್ನು ರಚಿಸಿದರು. ಆರನೆಯ ತರಗತಿಯ ಹುಡುಗ ಪ್ರಾಚೀನ ಲಗಾಶ್ ನಗರದ ದೊರೆಯಾಗುತ್ತಾನೆ. ಕಣಜದಲ್ಲಿರುವ ಧಾನ್ಯದಲ್ಲಿ ಪ್ರಜೆಗಳ ಹೊಟ್ಟೆಗೆಷ್ಟು, ಬಿತ್ತನೆಗೆಷ್ಟು, ಮುಂದಿನ ಕಷ್ಟಕಾಲಕ್ಕೆ ಉಳಿಸುವುದೆಷ್ಟು ಎಂಬುದನ್ನು ಅವನೇ ತೀರ್ಮಾನಿಸಬೇಕು. ಯಂತ್ರ ಲೆಕ್ಕಹಾಕಿ ಫಲವನ್ನು ತಿಳಿಸುತ್ತದೆ. ಕೋಣೆ ತುಂಬುವಷ್ಟು ದೊಡ್ಡ ಯಂತ್ರಗಳಿದ್ದ ಆ ಕಾಲದಲ್ಲಿ, ಯುದ್ಧದ ಲೆಕ್ಕಕ್ಕೂ ವ್ಯಾಪಾರದ ಲೆಕ್ಕಕ್ಕೂ ಮೀಸಲಾಗಿದ್ದ ಗಣಕವನ್ನು ಒಬ್ಬ ಶಾಲಾ ಶಿಕ್ಷಕಿ ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಕೈಗೆ ಕೊಡಿಸಿದರೆಂಬುದು ಸಾಮಾನ್ಯ ಸಂಗತಿಯಲ್ಲ.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದುದು ಎರಡನೆಯ ಪ್ರಸಂಗ. 1971ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಕಾರ್ಲ್‌ಟನ್ ಕಾಲೇಜಿನ ಮೂವರು ಅಂತಿಮ ವರ್ಷದ ವಿದ್ಯಾರ್ಥಿಗಳು ಬೋಧನಾಭ್ಯಾಸಕ್ಕೆಂದು ಮಿನಿಯಾಪೊಲಿಸ್ ನಗರದ ಶಾಲೆಗಳಿಗೆ ಹೋಗಿದ್ದರು. ಅವರಲ್ಲಿ ಡಾನ್ ರಾವಿಚ್ ಎಂಬಾತ ಚರಿತ್ರೆಯ ಮಾಸ್ತರ. ಬಿಲ್ ಹೈನ್‌ಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಗಣಿತದವರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸಾವಿರಾರು ಕುಟುಂಬಗಳು ಎತ್ತಿನ ಬಂಡಿಗಳಲ್ಲಿ ಸುಮಾರು 2000 ಮೈಲಿ ನಡೆದು ಪಶ್ಚಿಮದ ಆರೆಗಾನ್ ಸೀಮೆಗೆ ವಲಸೆ ಹೋದ ಪಾಠವನ್ನು ರಾವಿಚ್ ಹೇಳಬೇಕಾಗಿತ್ತು. ಅದಕ್ಕಾಗಿ ದೊಡ್ಡ ಕಾಗದದ ಮೇಲೆ ದಾರಿಯ ನಕ್ಷೆ ಬರೆದು, ದಾಳ ಹಾಕಿ ನಡೆಸುವ ಒಂದು ಆಟವನ್ನು ಆತ ಯೋಚಿಸಿದ್ದ. ನಮ್ಮ ಮನೆಗಳಲ್ಲಿ ಹಬ್ಬದ ದಿನ ಹಾಸುವ ಪರಮಪದ ಸೋಪಾನದ ಪಟವನ್ನು ನೋಡಿದವರಿಗೆ ಈ ಕಲ್ಪನೆ ಹೊಸದಾಗಿ ತೋರುವುದಿಲ್ಲ. ಜೊತೆಯಲ್ಲಿ ವಾಸವಾಗಿದ್ದ ಹೈನ್‌ಮನ್ ಅದನ್ನು ಕಂಡು, ಇದನ್ನು ಗಣಕಯಂತ್ರಕ್ಕೆ ಹೊಂದಿಸಬಹುದಲ್ಲ ಎಂದ. ಎರಡು ವಾರಗಳಲ್ಲಿ ಕೆಲಸ ಮುಗಿಯಿತು. ಡಿಸೆಂಬರ್ 3ರಂದು ಆಟ ತರಗತಿಗೆ ಬಂದಿತು. ಅದೇ ಮುಂದೆ ಪ್ರಸಿದ್ಧವಾದ ‘ಆರೆಗಾನ್ ಟ್ರೇಲ್’.

ಮಿತ್ರರು ಒಂದಂಶವನ್ನು ಗಮನಿಸಬೇಕು. ಆ ತರಗತಿಯಲ್ಲಿದ್ದುದು ಒಂದೇ ಒಂದು ಟೆಲಿಟೈಪ್. ಅದಕ್ಕೆ ಪರದೆಯಿಲ್ಲ, ಚಿತ್ರವಿಲ್ಲ, ಬಣ್ಣವಿಲ್ಲ. ದೂರದ ಗಣಕಕ್ಕೆ ದೂರವಾಣಿ ತಂತಿಯ ಮೂಲಕ ಜೋಡಿಸಿದ, ಕಾಗದದ ಸುರುಳಿಯ ಮೇಲೆ ಅಕ್ಷರಗಳನ್ನು ಒತ್ತುವ ಬೆರಳಚ್ಚಿನಂತಹ ಯಂತ್ರ ಅದು. ಮಕ್ಕಳು ಗುಂಪುಗೂಡಿ ಅದರ ಸುತ್ತ ನಿಂತರು. ಬೇಟೆಯಾಡಬೇಕಾದರೆ ‘ಬ್ಯಾಂಗ್’ ಎಂಬ ಪದವನ್ನು ಬೇಗನೆ, ತಪ್ಪಿಲ್ಲದೆ ಒತ್ತಬೇಕಾಗಿತ್ತು. ಬೆರಳು ಚುರುಕಾದವನಿಗೆ ಆ ಕೆಲಸ ಬಿಟ್ಟರು. ಒಬ್ಬ ನಕ್ಷೆ ನೋಡಿದ, ಮತ್ತೊಬ್ಬ ಹಣದ ಲೆಕ್ಕ ಇಟ್ಟ. ಒಂದು ಯಂತ್ರವಿದ್ದುದರಿಂದಲೇ ಅವರು ಒಬ್ಬರೊಡನೊಬ್ಬರು ಮಾತನಾಡಬೇಕಾಯಿತು. ಮಗುವಿಗೊಂದು ಯಂತ್ರ ಕೊಟ್ಟು ಕಿವಿಗೆ ತಂತಿ ಸಿಕ್ಕಿಸಿ ಕೂರಿಸುವುದೇ ಪ್ರಗತಿಯೆಂದು ತಿಳಿದವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಬೋಧನಾಭ್ಯಾಸದ ಅವಧಿ ಮುಗಿದೊಡನೆ ಆ ಆಟವನ್ನು ಯಂತ್ರದಿಂದ ಅಳಿಸಲಾಯಿತು. ಕಾಗದದ ಮೇಲೆ ಅಚ್ಚಾದ ಪ್ರತಿಯೊಂದು ರಾವಿಚ್ ಬಳಿ ಉಳಿದಿತ್ತು. 1974ರಲ್ಲಿ ಆತ ಮಿನೆಸೋಟದ ಶೈಕ್ಷಣಿಕ ಗಣಕ ಒಕ್ಕೂಟದಲ್ಲಿ ಕೆಲಸಕ್ಕೆ ಸೇರಿದಾಗ, ಆ ಪ್ರತಿಯನ್ನು ನೋಡಿಕೊಂಡು ಆಟವನ್ನು ಮತ್ತೆ ಯಂತ್ರಕ್ಕೆ ಸೇರಿಸಿದ. ಆಗ ಒಂದು ತಿದ್ದುಪಾಟನ್ನೂ ಮಾಡಿದ. ಹಿಂದಿನ ವಲಸೆಗಾರರು ಬರೆದಿಟ್ಟ ದಿನಚರಿಗಳನ್ನು ಓದಿ, ದಾರಿಯಲ್ಲಿ ರೋಗ, ಗಾಳಿಮಳೆ, ಬಂಡಿ ಮುರಿಯುವುದು ಇವು ಎಷ್ಟು ಸಲ ಸಂಭವಿಸುತ್ತಿದ್ದುವೋ ಆ ಪ್ರಮಾಣದಲ್ಲಿಯೇ ಆಟದಲ್ಲಿಯೂ ಸಂಭವಿಸುವಂತೆ ಅಂಕಿಗಳನ್ನು ಬದಲಾಯಿಸಿದ. ಚರಿತ್ರೆಯ ಆಕರಗಳನ್ನು ಓದುವುದೆಂದರೆ ಇದೇ ಅಲ್ಲವೆ?

ಇದರ ಮುಂದಿನ ಒಂದು ರೂಪವನ್ನು ‘ಇಂಟರ್‌ನೆಟ್ ಆರ್ಕೈವ್’ ಎಂಬ ಸಂಸ್ಥೆ 2015ರಲ್ಲಿ ಎಲ್ಲರೂ ಆಡಿ ನೋಡುವಂತೆ ಒದಗಿಸಿತು. ನಾವು ಕೆಲವರು ಶನಿವಾರಗಳಂದು ಕಾಲೇಜಿನ ಗಣಕ ಕೊಠಡಿಯಲ್ಲಿ ಕುಳಿತು ಅದನ್ನು ಆಡಿದೆವು. ಹೊರಡುವುದು ಮಾರ್ಚ್‌ನಲ್ಲೋ ಜುಲೈನಲ್ಲೋ ಎಂದು ಆರಂಭದಲ್ಲಿಯೇ ಆರಿಸಿಕೊಳ್ಳಬೇಕು. ಬಹಳ ಬೇಗ ಹೊರಟರೆ ಎತ್ತುಗಳಿಗೆ ಹುಲ್ಲಿಲ್ಲ; ತಡವಾದರೆ ಬೆಟ್ಟಗಳಲ್ಲಿ ಹಿಮ ಹಿಡಿಯುತ್ತದೆ. ಒಂದು ಗುಂಪಿನವರು ಜುಲೈಯಲ್ಲಿ ಹೊರಟು ದಾರಿಯಲ್ಲಿಯೇ ಒಬ್ಬೊಬ್ಬರಾಗಿ ‘ಸತ್ತರು’. ವಲಸೆಯ ಕಾಲವನ್ನು ನಿರ್ಣಯಿಸಿದ್ದು ಹುಲ್ಲು ಎಂಬ ಮಾತನ್ನು ಪಠ್ಯಪುಸ್ತಕದಲ್ಲಿ ಓದಿದ್ದರೆ ಪರೀಕ್ಷೆಯ ಮಾರನೆಯ ದಿನವೇ ಮರೆಯುತ್ತಿದ್ದರು. ಈಗ ಅವರು ಅದನ್ನು ಮರೆಯುವಂತಿಲ್ಲ. ಉಪನ್ಯಾಸಕ್ಕಿಂತ ಆಟ ಮೇಲಾಗುವುದು ಈ ಒಂದು ವಿಷಯದಲ್ಲಿ. ಪರಿಸ್ಥಿತಿಯ ಒತ್ತಾಯ ಎಂದರೇನು, ಎರಡು ಕೆಟ್ಟ ದಾರಿಗಳಲ್ಲಿ ಒಂದನ್ನು ಹಿಡಿಯಲೇಬೇಕಾದವನ ಪಾಡೇನು ಎಂಬುದನ್ನು ಅದು ಅನುಭವಕ್ಕೆ ತರುತ್ತದೆ. ಚರಿತ್ರೆಯನ್ನು ಹಿಂದಿನಿಂದ ನೋಡಿ ಬುದ್ಧಿವಂತರಾಗುವ ನಮ್ಮ ಚಾಳಿಗೆ ಇದು ಒಳ್ಳೆಯ ಮದ್ದು.

ಆದರೆ ಎಲ್ಲ ಆಟಗಳೂ ಹೀಗಿಲ್ಲ. 1983ರಲ್ಲಿ ಬಂದ ‘ಮ್ಯಾಥ್ ಬ್ಲಾಸ್ಟರ್’ ಎಂಬ ಆಟದಲ್ಲಿ ಹುಡುಗ ಕೂಡುವ, ಕಳೆಯುವ ಲೆಕ್ಕ ಮಾಡಿ ಸರಿಯಾದ ಉತ್ತರಕ್ಕೆ ಗುರಿಯಿಡಬೇಕು. ಅಭ್ಯಾಸಕ್ಕೆ ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಲೆಕ್ಕಕ್ಕೂ ಗುರಿಗೂ ಏನು ಸಂಬಂಧ? ಕಷಾಯಕ್ಕೆ ಬೆಲ್ಲ ಹಾಕಿ ಕುಡಿಸಿದಂತೆ. ಮಗು ಬೆಲ್ಲವನ್ನು ಚಪ್ಪರಿಸಿ ಕಷಾಯವನ್ನು ಉಗುಳುವ ಸಂಭವವೇ ಹೆಚ್ಚು. ಇದಕ್ಕಿಂತ 1985ರ ‘ಕಾರ್ಮೆನ್ ಸ್ಯಾಂಡಿಯಾಗೊ’ ಆಟ ಉತ್ತಮ. ಕಳ್ಳರನ್ನು ದೇಶದಿಂದ ದೇಶಕ್ಕೆ ಬೆನ್ನಟ್ಟುವ ಆ ಆಟದ ಪೆಟ್ಟಿಗೆಯೊಳಗೆ ಒಂದು ‘ವರ್ಲ್ಡ್ ಆಲ್ಮನಾಕ್’ ಗ್ರಂಥವನ್ನೇ ಇಟ್ಟು ಮಾರುತ್ತಿದ್ದರು. ಸುಳಿವು ಬಿಡಿಸಬೇಕಾದರೆ ಪುಸ್ತಕ ತೆರೆಯಬೇಕು. ಮಗುವನ್ನು ಪುಸ್ತಕದ ಕಡೆಗೆ ಕಳುಹಿಸುವ ಆಟಕ್ಕೆ ನಮ್ಮ ಗ್ರಂಥಪಾಲಕರೂ ಆಕ್ಷೇಪಿಸಲಾರರು.

ಇಷ್ಟು ಹೊಗಳಿದ ಮೇಲೆ ನನ್ನ ಮುಖ್ಯವಾದ ಶಂಕೆಯನ್ನು ಹೇಳಬೇಕು. ಆಟದಲ್ಲಿರುವ ನಿಯಮಗಳನ್ನು ಯಾರೋ ಒಬ್ಬರು ಕುಳಿತು ಬರೆದಿರುತ್ತಾರೆ. ಆ ನಿಯಮಗಳಲ್ಲಿ ಅವರ ಅಭಿಪ್ರಾಯವಿರುತ್ತದೆ. ಪುಸ್ತಕ ಬರೆದವನ ಹೆಸರು ರಕ್ಷಾಪತ್ರದ ಮೇಲಿದೆ, ಅವನೊಡನೆ ಜಗಳವಾಡಬಹುದು. ಆಟದ ನಿಯಮವಾದರೋ ಪ್ರಕೃತಿಯ ನಿಯಮದಂತೆ ಮೌನವಾಗಿ ಕುಳಿತಿರುತ್ತದೆ. ಗೆಲ್ಲಬೇಕೆಂಬ ಆತುರದಲ್ಲಿರುವ ಹುಡುಗ ಅದನ್ನು ಪ್ರಶ್ನಿಸುವುದಿಲ್ಲ, ಪಾಲಿಸುತ್ತಾನೆ. ‘ಆರೆಗಾನ್ ಟ್ರೇಲ್’ನಲ್ಲಿಯೇ ನೋಡಿ. ನಾವು ಆಡಿದ ರೂಪದಲ್ಲಿ ಬಾಸ್ಟನ್ನಿನ ಸಾಹುಕಾರನಾಗಿ ಹೊರಟರೆ 1600 ಡಾಲರು ಕೈಯಲ್ಲಿರುತ್ತದೆ, ಇಲಿನಾಯ್ ಸೀಮೆಯ ರೈತನಾಗಿ ಹೊರಟರೆ 400 ಮಾತ್ರ. ಆದರೆ ರೈತ ಗುರಿ ಮುಟ್ಟಿದರೆ ಅವನ ಅಂಕಗಳನ್ನು ಮೂರು ಪಟ್ಟು ಮಾಡುತ್ತಾರೆ! ನಿಜವಾದ ಬಾಳಿನಲ್ಲಿ ಬಡ ರೈತನಿಗೆ ಕೊನೆಯಲ್ಲಿ ಮೂರು ಪಟ್ಟು ಕೊಡುವವರು ಯಾರು? ಹಾಗೆಯೇ, ಆ ದಾರಿಯುದ್ದಕ್ಕೂ ಮೊದಲಿನಿಂದ ಬಾಳುತ್ತಿದ್ದ ಮೂಲನಿವಾಸಿಗಳ ಪಾಲಿಗೆ ಈ ಬಂಡಿಗಳ ಸಾಲು ಏನಾಗಿ ಕಂಡಿರಬೇಕು? ಆಟಗಾರನ ಸ್ಥಾನ ಬಂಡಿಯಲ್ಲಿ. ಆದುದರಿಂದ ಆ ಪ್ರಶ್ನೆ ಏಳುವುದೇ ಇಲ್ಲ. 1990ರ ದಶಕದಲ್ಲಿ ಬಿಲ್ ಬಿಗೆಲೋ ಎಂಬ ಅಧ್ಯಾಪಕ ಈ ಬಗೆಯ ಆಕ್ಷೇಪಣೆಗಳನ್ನೆತ್ತಿ ವಿವರವಾಗಿ ಬರೆದ. ಆತ ಪಾಠ ಹೇಳುತ್ತಿದ್ದುದು ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿಯೇ ಎಂಬುದು ಸ್ವಾರಸ್ಯ. 2021ರಲ್ಲಿ ಹೊಸ ರೂಪ ಬಂದಾಗ ಮೂಲನಿವಾಸಿ ಸಮುದಾಯದ ಚರಿತ್ರಕಾರರ ಸಲಹೆ ಪಡೆದು ತಿದ್ದಿದರು. ಮೊದಲ ಆಟಕ್ಕೂ ಇದಕ್ಕೂ ಅರ್ಧ ಶತಮಾನದ ಅಂತರ.

ಆದುದರಿಂದಲೇ ನಾನು ಹೇಳುವುದು: ಆಟ ಮುಗಿದ ಮೇಲೆ ಪಾಠ ಆರಂಭವಾಗಬೇಕು. ಒಂದು ಗಂಟೆ ಆಡಿದರೆ ಎರಡು ಗಂಟೆ ಆ ಆಟದ ನಿಯಮಗಳನ್ನು ಬಿಚ್ಚಿ ನೋಡಬೇಕು. ಈ ಅಂಕಿ ಎಲ್ಲಿಂದ ಬಂತು? ಇದಕ್ಕೆ ಆಧಾರವೇನು? ಇಲ್ಲಿ ಯಾರನ್ನು ಬಿಟ್ಟಿದ್ದಾರೆ? ಈ ಪ್ರಶ್ನೆಗಳನ್ನು ಯಂತ್ರ ಕೇಳುವುದಿಲ್ಲ, ಉಪನ್ಯಾಸಕರು ಕೇಳಬೇಕು. ಆಟದ ತಟ್ಟೆಯೊಂದನ್ನು ಕೊಂಡುತಂದು, ಖಾಲಿ ಬಿದ್ದಿರುವ ಅಧ್ಯಾಪಕರ ಹುದ್ದೆಯನ್ನು ಹಾಗೆಯೇ ಬಿಡಬಹುದೆಂದು ಯಾವನಾದರೂ ಲೆಕ್ಕ ಹಾಕಿದ್ದರೆ, ಆ ಲೆಕ್ಕ ಪೂರ್ತಿ ತಪ್ಪು. ಈ ಬಗೆಯ ಪಾಠಕ್ಕೆ ಅಧ್ಯಾಪಕರು ಹೆಚ್ಚು ಬೇಕು, ಕಡಿಮೆಯಲ್ಲ. ಅವರ ಓದೂ ಹೆಚ್ಚು ಬೇಕು.

ಇಂತಹ ಆಟಗಳೆಲ್ಲ ಇಂಗ್ಲಿಷಿನಲ್ಲಿವೆ, ಪರದೇಶದ ಕಥೆಗಳು, ನಮಗೇನು ಪ್ರಯೋಜನ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಆದರೆ 1971ರಲ್ಲಿ ಅದನ್ನು ಮಾಡಿದವರು ನಮ್ಮ ವಯಸ್ಸಿನವರೇ, ನಮ್ಮ ಹಾಗೆ ಮಾಸ್ತರಿಕೆಗೆ ಹೊರಟವರೇ. ಬರಿಯ ಅಕ್ಷರಗಳ ಆಟಕ್ಕೆ ಚಿತ್ರಕಾರರು ಬೇಡ, ಹಣವೂ ಬೇಡ. ನಮ್ಮ ಕನ್ನಡ ವಿಭಾಗ, ಚರಿತ್ರೆ ಮತ್ತು ಅರ್ಥಶಾಸ್ತ್ರ ವಿಭಾಗಗಳು ಸೇರಿ ಕನ್ನಡದಲ್ಲಿಯೇ ಒಂದನ್ನು ಏಕೆ ರಚಿಸಬಾರದು? ವಸ್ತುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1876-78ರಲ್ಲಿ ಮೈಸೂರು ಸಂಸ್ಥಾನವನ್ನೂ ಮದರಾಸು, ಮುಂಬಯಿ ಪ್ರಾಂತ್ಯಗಳನ್ನೂ ಹಿಂಡಿದ ಧಾತು ಈಶ್ವರ ಸಂವತ್ಸರಗಳ ಬರವಿದೆ. ಬೆಂಗಳೂರು ಮೈಸೂರು ರೈಲುದಾರಿಯ ಕೆಲಸ ಆ ಬರದ ಪರಿಹಾರ ಕಾಮಗಾರಿಯಾಗಿ ನಡೆಯಿತೆಂಬುದನ್ನು ಆ ರೈಲಿನಲ್ಲಿ ಓಡಾಡುವ ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಇಲ್ಲಿ ನಿಯಮದ ಅಂಕಿಯೇ ಚರಿತ್ರೆಯಾಗುತ್ತದೆ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಮದರಾಸು ಪ್ರಾಂತ್ಯದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆ ಸಾಕೆಂದು ಗೊತ್ತುಮಾಡಿದ. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್, ಅಷ್ಟರಲ್ಲಿ ಮನುಷ್ಯ ದುಡಿದು ಬದುಕಲಾರನೆಂದು ಬಲವಾಗಿ ವಿರೋಧಿಸಿದ. ಕೆಲವೇ ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಆಟ ರಚಿಸುವ ವಿದ್ಯಾರ್ಥಿ ಆ ಜಾಗದಲ್ಲಿ ಯಾವ ಅಂಕಿಯನ್ನು ಬರೆಯುತ್ತಾನೆ, ಯಾರ ಮಾತನ್ನು ನಂಬಿ ಬರೆಯುತ್ತಾನೆ? ಅದನ್ನು ನಿರ್ಣಯಿಸಬೇಕಾದರೆ ಅವನು ಗ್ರಂಥಾಲಯಕ್ಕೆ ಹೋಗಲೇಬೇಕು. ಆಟವನ್ನು ಆಡುವವನಿಗಿಂತ ಕಟ್ಟುವವನು ಹೆಚ್ಚು ಕಲಿಯುತ್ತಾನೆಂದು ನನಗೆ ತೋರುವುದು ಈ ಕಾರಣದಿಂದ.

ಬರಗಾಲವನ್ನು ಆಟದ ವಸ್ತು ಮಾಡುವುದು ಸರಿಯೇ ಎಂದು ನನ್ನ ಸಹಪಾಠಿಯೊಬ್ಬಳು ಕೇಳಿದಳು. ಅವಳ ಪ್ರಶ್ನೆ ಇನ್ನೂ ನನ್ನನ್ನು ಕಾಡುತ್ತಿದೆ. ಗಣಕ ಕೊಠಡಿಯಲ್ಲಿ ಬಂಡಿಯವರು ಆಮಶಂಕೆಯಿಂದ ಸತ್ತರೆಂಬ ಸಾಲು ಬಂದಾಗ ನಮ್ಮವರು ಗೊಳ್ಳೆಂದು ನಕ್ಕಿದ್ದರು. ಸಾವು ಅಂಕಿಯಾದಾಗ ನಗು ಸುಲಭ. ಆಟದೊಡನೆ ಆ ಕಾಲದ ವರದಿಗಳನ್ನೂ ಛಾಯಾಚಿತ್ರಗಳನ್ನೂ ತರಗತಿಯಲ್ಲಿ ಇಟ್ಟು ನೋಡಿದರೆ ಆ ನಗು ನಿಂತೀತೆಂದು ನನ್ನ ನಂಬಿಕೆ, ಅವಳು ಒಪ್ಪಿಲ್ಲ.

ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಚರಿತ್ರೆಯ ಸಂಘದ ವತಿಯಿಂದ ನಾಲ್ಕು ಶನಿವಾರಗಳ ಮಧ್ಯಾಹ್ನವನ್ನೂ, ಐವರಿಗೊಂದರಂತೆ ಯಂತ್ರಗಳನ್ನೂ ಕೊಡಬೇಕೆಂದು ಅಧ್ಯಾಪಕವರ್ಗವನ್ನು ವಿನಂತಿಸಿಕೊಳ್ಳುತ್ತೇನೆ. ಪಾಠಪಟ್ಟಿ ಮುಗಿಯುವುದಿಲ್ಲವೆಂಬ ಅಳುಕಿದ್ದರೆ ಮೊದಲ ಅವಧಿಯಲ್ಲಿಯೇ ಮಾಡಬಹುದು. ಆಟಗಾರನನ್ನು ಅಮಲ್ದಾರನ ಕುರ್ಚಿಯಲ್ಲಿ ಕೂರಿಸಬೇಕೋ, ಬರ ಹೊಡೆದ ಹೊಲದ ರೈತನನ್ನಾಗಿ ಮಾಡಬೇಕೋ ಎಂಬ ವಿಷಯದಲ್ಲಿ ನಮ್ಮೊಳಗೆ ಈಗಾಗಲೇ ಎರಡು ಪಂಗಡಗಳಾಗಿವೆ. ನಾನು ರೈತನ ಕಡೆ.