ಮರದ ಮೀನೂ ಕೆರೆಯ ಹಕ್ಕೂ

ಹುತ್ತೂರಿನ ಮನೆಯೊಂದರ ಜಗುಲಿಯಲ್ಲಿ ತರುಣನೊಬ್ಬ ಮರದ ತುಂಡಿನಲ್ಲಿ ಮೀನು ಕೆತ್ತುವುದನ್ನು ಕಂಡೆವು. ಅದು ಆಟಿಕೆಯಲ್ಲ, ಗಾಳಕ್ಕೆ ಕಟ್ಟುವ ಹುಸಿ ಮೀನು. ಹಗುರ ಮರವನ್ನು ಸವರಿ, ಉದ್ದಕ್ಕೂ ತಂತಿ ಕೂರಿಸಿ, ಹೊಟ್ಟೆಗೆ ತೂಕವಿಟ್ಟು, ನೀರು ಹೀರದಂತೆ ಬಣ್ಣ ಬಳಿಯಬೇಕು. ತೂಕ ತಪ್ಪಿದರೆ ಮಗುಚುತ್ತದೆ. ಸರಿಯಿದ್ದರೆ ಜೀವಂತ ಮೀನಿನಂತೆ ಓಲಾಡುತ್ತದೆ. ಸಣ್ಣ ಮೀನನ್ನು ಬೇಟೆಯಾಡುವ ಕೊರಮೀನು ಮೋಸಹೋಗಿ ಕಚ್ಚುತ್ತದೆ.

ಕೈಯಲ್ಲಿ ಕಸುಬಿದೆ; ಕೆರೆಯ ಮೇಲೆ ಹಕ್ಕೆಲ್ಲಿದೆ? ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದಿದೆ. ನೀರಿದ್ದಲ್ಲಿ ಮೀನಿಗೆ ಬೆಲೆ. ಬೆಲೆಯಿದ್ದಲ್ಲಿ ಹರಾಜಿನಲ್ಲಿ ಹಣವುಳ್ಳವನದೇ ಮೇಲುಗೈ. ದಂಡೆಯಲ್ಲಿ ಗಾಳ ಹಿಡಿದು ಕೂತ ಬಡವನಿಗೆ ಕಳ್ಳನೆಂಬ ಹೆಸರು! ಈ ಕೆರೆಗಳ ಏರಿ ಕಟ್ಟಿದವರು, ಹೂಳೆತ್ತಿದವರು ಯಾರು? ದುಡಿಯುವ ಜನರಲ್ಲವೇ?

ನಮ್ಮ ಬೇಡಿಕೆ ಸ್ಪಷ್ಟ. ಕೆರೆಯ ಗುತ್ತಿಗೆ ಮೊದಲು ಸ್ಥಳೀಯ ಮೀನುಗಾರರ ಸಹಕಾರ ಸಂಘಕ್ಕೆ ಸಲ್ಲಲಿ. ಬಲೆ ಸಂಘದ್ದಾಗಲಿ, ಒಂಟಿ ಗಾಳ ಊರಿನವರದ್ದಾಗಿರಲಿ. ನೀರನ್ನೂ ಮೀನನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಮುಂದಿನ ಸಭೆಯಲ್ಲಿ ಠರಾವು ಮಾಡಿಸುವುದು ನಮ್ಮೆಲ್ಲರ ಹೊಣೆ.

ಮರದ ಮೀನಿಗೆ ಕೊರಮೀನು ಮರುಳಾಗಲಿ. ಹರಾಜಿನ ಮಾತಿಗೆ ನಾವು ಮರುಳಾಗುವುದು ಬೇಡ.