ಚಳಿ ನಾಡಿನ ಅಂಜೂರ: ಹೆಸರು ನೋಡಿ ಅಲ್ಲ, ರುಚಿ ನೋಡಿ ನೆಡೋಣ

ಅಂಜೂರವೆಂದರೆ ಒಣ ಸೀಮೆಯ ಬೆಳೆ, ಚಳಿ ಬೀಳುವ ಬೆಟ್ಟದ ಮೇಲೆ ಅದು ಬಾಳದು ಎಂಬ ಮಾತು ನಮ್ಮ ಕೃಷಿಕ ಕುಟುಂಬಗಳಲ್ಲಿದೆ. ಈಗೀಗ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಾತೂ ಕೇಳಿಬರುತ್ತಿದೆ. ವಿದೇಶಿ ಹೆಸರಿನ ದುಬಾರಿ ಸಸಿಯೊಂದನ್ನು ತರಿಸಿ ನೆಟ್ಟರೆ ಸಾಕು, ಚಿತ್ರದಲ್ಲಿ ಕಂಡಂಥ ಹಣ್ಣು ಅಂಗಳದಲ್ಲೇ ಸಿಗುತ್ತದಂತೆ. ಇವೆರಡನ್ನೂ ನಾವು ಒಪ್ಪುವುದಿಲ್ಲ. ಚಳಿ ಪ್ರದೇಶದಲ್ಲಿ ಅಂಜೂರ ಬೆಳೆಯಬಹುದು. ಆದರೆ ತಳಿಯನ್ನು ಆರಿಸುವಾಗ ಹೆಸರಿಗೆ ಮರುಳಾಗದೆ, ಅದು ಯಾವ ಕಾಲಕ್ಕೆ ಹಣ್ಣಾಗುತ್ತದೆ, ನಾಲಿಗೆಗೆ ಹೇಗಿದೆ ಎಂಬುದನ್ನು ನೋಡಬೇಕು.

ಮೊದಲು ಚಳಿಯ ಮಾತು. ಇಟಲಿಯಿಂದ ಅಮೆರಿಕದ ನ್ಯೂಯಾರ್ಕ್ ಮುಂತಾದ ಊರುಗಳಿಗೆ ವಲಸೆ ಹೋದ ಕುಟುಂಬಗಳು ತಮ್ಮ ಅಂಜೂರದ ಕಡ್ಡಿಗಳನ್ನೂ ಜತೆಗೊಯ್ದವು. ಅಲ್ಲಿ ಚಳಿಗಾಲವೆಂದರೆ ಹಿಮ ಬಿದ್ದು ನೆಲ ಕಲ್ಲಾಗುವ ಕಾಲ. ಆ ಜನ ಗಿಡಕ್ಕೆ ಗೋಣಿ, ಹಳೆಯ ಕಂಬಳಿ ಸುತ್ತಿದರು. ಕೆಲವರು ಒಂದು ಪಕ್ಕದ ಬೇರನ್ನು ಸಡಿಲಿಸಿ, ಇಡೀ ಗಿಡವನ್ನು ಬಗ್ಗಿಸಿ, ತೋಡಿದ ಕಾಲುವೆಯಲ್ಲಿ ಮಲಗಿಸಿ ಮಣ್ಣು ಮುಚ್ಚಿದರು. ವಸಂತದಲ್ಲಿ ಮತ್ತೆ ಎತ್ತಿ ನಿಲ್ಲಿಸಿದರೆ ಗಿಡ ಚಿಗುರುತ್ತಿತ್ತು. ಷಿಕಾಗೊ ಹಾರ್ಡಿ ಎಂಬ ತಳಿಯಂತೂ ನೆಲದ ಮೇಲಿನ ಭಾಗ ಪೂರ್ತಿ ಸತ್ತರೂ ಬುಡದಿಂದ ಚಿಗುರಿ ಅದೇ ವರ್ಷ ಕಾಯಿ ಬಿಡಬಲ್ಲದು.

ಇಂಗ್ಲೆಂಡಿನಲ್ಲಿಯೂ ಅಂಜೂರ ಹಳೆಯದೇ. ಲಂಡನ್ನಿನ ಲ್ಯಾಂಬೆತ್ ಅರಮನೆಯಲ್ಲಿರುವ ಬಿಳಿ ಮಾರ್ಸೇಲ್ಸ್ ಅಂಜೂರವನ್ನು 16ನೇ ಶತಮಾನದಲ್ಲಿ ಕಾರ್ಡಿನಲ್ ರೆಜಿನಾಲ್ಡ್ ಪೋಲ್ ಅವರು ಇಟಲಿಯಿಂದ ತಂದರೆಂದು ಪ್ರತೀತಿ. ಅಲ್ಲಿನ ತೋಟಗಾರರು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಗಿಡವನ್ನು ಹಬ್ಬಿಸುತ್ತಾರೆ. ಹಗಲು ಕಾದ ಗೋಡೆ ರಾತ್ರಿ ಗಿಡಕ್ಕೆ ಬಿಸಿ ಕೊಡುತ್ತದೆ. ಸುಮಾರು ಎರಡಡಿ ಅಗಲ, ಎರಡಡಿ ಆಳದ ಗುಂಡಿಗೆ ನಾಲ್ಕೂ ಕಡೆ ಚಪ್ಪಡಿ ಇಟ್ಟು, ತಳಕ್ಕೆ ಇಟ್ಟಿಗೆ ಚೂರು ತುಂಬಿ ನೆಡುವುದೂ ಅವರ ರೂಢಿ. ಬೇರಿಗೆ ಜಾಗ ಕಡಿಮೆಯಾದರೆ ಗಿಡ ಎಲೆಯಲ್ಲಿ ಸೊಕ್ಕದೆ ಕಾಯಿಯ ಕಡೆ ತಿರುಗುತ್ತದೆ.

ಹಾಗಾದರೆ ಚಳಿ ನಾಡಿನ ನಿಜವಾದ ತೊಡಕೇನು? ಗಿಡ ಸಾಯುವುದಕ್ಕಿಂತ ಹೆಚ್ಚಾಗಿ, ಕಾಯಿ ಹಣ್ಣಾಗುವಷ್ಟು ಬಿಸಿಲಿನ ದಿನಗಳು ಸಿಗದಿರುವುದು. ಅಂಜೂರ ಎರಡು ಬಾರಿ ಫಲ ಕೊಡಬಲ್ಲದು: ಹಿಂದಿನ ವರ್ಷದ ಗೆಲ್ಲಿನಲ್ಲಿ ಮೊದಲ ಫಸಲು, ಹೊಸ ಚಿಗುರಿನಲ್ಲಿ ಮುಖ್ಯ ಫಸಲು. ಬೇಸಿಗೆ ಚಿಕ್ಕದಾದಲ್ಲಿ ತಡವಾಗಿ ಮಾಗುವ ತಳಿ ನೆಟ್ಟರೆ, ಮುಖ್ಯ ಫಸಲಿನ ಕಾಯಿ ಹಸಿರಾಗಿಯೇ ಉದುರುತ್ತದೆ. ಆದ್ದರಿಂದ ಬೇಗ ಮಾಗುವ ರೋಂಡ್ ಡಿ ಬೋರ್ಡೋದಂಥ ತಳಿಗೆ ಅಲ್ಲಿ ಬೆಲೆ.

ಇನ್ನೊಂದು ಅಪಾಯವನ್ನು ನಮ್ಮ ರೈತರು ಅವಶ್ಯ ತಿಳಿಯಬೇಕು. ಅತ್ತಿಹಣ್ಣು ಬಿಡಿಸಿದರೆ ಒಳಗೆ ಸಣ್ಣ ಕಣಜಗಳು ಕಾಣುವುದು ನಮಗೆಲ್ಲ ಗೊತ್ತು. ಅಂಜೂರದಲ್ಲೂ ಸ್ಮಿರ್ನಾ ಎಂಬ ವರ್ಗಕ್ಕೆ ಅದರದೇ ಕಣಜ ಬಂದು ಪರಾಗ ಮುಟ್ಟಿಸದಿದ್ದರೆ ಕಾಯಿ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯದವರು ಸ್ಮಿರ್ನಾ ಗಿಡ ತಂದು ನೆಟ್ಟು ವರ್ಷಗಟ್ಟಲೆ ಕಾದರು. 1899ರಲ್ಲಿ ಆ ಕಣಜವನ್ನು ತಂದು ನೆಲೆಗೊಳಿಸಿದ ಮೇಲೆಯೇ ಫಲ ಕಂಡರು. ಫಲ ಕೊಡದ ಅಂಜೂರಕ್ಕೆ ಇನ್ನೊಂದು ವರ್ಷ ಗಡುವು ಬೇಡಿದ ತೋಟಗಾರನ ಸಾಮತಿ ನಾವು ಕೇಳಿದ್ದೇವೆ. ಕಣಜವಿಲ್ಲದ ಊರಲ್ಲಿ ಸ್ಮಿರ್ನಾ ನೆಟ್ಟವರಿಗೆ ಎಷ್ಟು ವರ್ಷದ ಗಡುವೂ ಸಾಲದು. ಮನೆಯಂಗಳಕ್ಕೆ ಪರಾಗ ಬೇಡದ ಸಾಮಾನ್ಯ ವರ್ಗದ ತಳಿಯೇ ಸೈ.

ಹೆಸರನ್ನೇ ನಂಬಬಾರದೆಂದು ನಾವು ಹೇಳಲು ಕಾರಣವಿದೆ. ಅಮೆರಿಕದ ತಜ್ಞ ಐರಾ ಕಾಂಡಿಟ್ ಅವರು 1955ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 700ಕ್ಕೂ ಹೆಚ್ಚು ತಳಿಗಳನ್ನು ವಿವರಿಸಿದ್ದಾರೆ. ಒಂದೇ ತಳಿಗೆ ಹತ್ತು ಹೆಸರು, ಒಂದೇ ಹೆಸರಿಗೆ ಎರಡು ತಳಿ ಇರುವುದು ಇಲ್ಲಿ ಮಾಮೂಲು. ಬ್ರೌನ್ ಟರ್ಕಿಯನ್ನೇ ನೋಡಿ. ಇಂಗ್ಲೆಂಡಿನ ಬ್ರೌನ್ ಟರ್ಕಿ ಬೇರೆ, ಕ್ಯಾಲಿಫೋರ್ನಿಯದಲ್ಲಿ ಅದೇ ಹೆಸರಿನಲ್ಲಿ ಬೆಳೆಯುವುದು ಬೇರೆ. ಹೀಗಿರುವಾಗ ಚೀಟಿ ಅಂಟಿಸಿದ ಸಸಿಗೆ ಸಾಲ ಮಾಡಿ ಹಣ ಸುರಿಯುವುದು ಜಾಣತನವೇ?

ರುಚಿಯ ವಿಷಯದಲ್ಲೂ ಸ್ವಲ್ಪ ತಾಳ್ಮೆ ಬೇಕು. ತೆಳು ಬಣ್ಣದ ಸಿಪ್ಪೆ, ಹೊಂಬಣ್ಣದ ತಿರುಳಿನ ಹಣ್ಣುಗಳಲ್ಲಿ ಜೇನಿನ ಸವಿ ಹೆಚ್ಚು. ವಯಲೆಟ್ ಡಿ ಬೋರ್ಡೋದಂಥ ಕಪ್ಪು ಸಿಪ್ಪೆ, ಕೆಂಪು ತಿರುಳಿನವುಗಳಲ್ಲಿ ತುಸು ಹುಳಿ ಬೆರೆತ ಸಿಹಿ. ಆದರೆ ಹವೆ ಬದಲಾದರೆ ಅದೇ ಗಿಡದ ರುಚಿಯೂ ಬದಲಾಗುತ್ತದೆ. ಪುಣೆಯ ಪುರಂದರ ತಾಲೂಕಿನ ರೈತರು ಬೇಸಿಗೆಯ ಫಸಲನ್ನು ಮೀಠಾ ಬಹಾರ್ ಎಂದೂ ಮಳೆಗಾಲದ್ದನ್ನು ಖಟ್ಟಾ ಬಹಾರ್ ಎಂದೂ ಸುಮ್ಮನೆ ಕರೆದಿಲ್ಲ. ಆದ್ದರಿಂದ ಒಂದು ಹಣ್ಣು ತಿಂದು ತೀರ್ಪು ಕೊಡಬೇಡಿ. ತೊಟ್ಟು ಬಾಗಿ, ಹಣ್ಣು ಮೆತ್ತಗಾಗಿ ಜೋತುಬಿದ್ದ ಮೇಲೆ ಕಿತ್ತು ತಿನ್ನಿ; ಬಲಿಯುವ ಮೊದಲೇ ಕಿತ್ತದ್ದು ಬುಟ್ಟಿಯಲ್ಲಿ ಸಿಹಿಯಾಗದು. ಎರಡು ಮೂರು ವರ್ಷದ ಫಸಲಿನ ರುಚಿ, ಹಣ್ಣಾದ ತಿಂಗಳು ಬರೆದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಪಟ್ಟಿ ಬೇರೆಲ್ಲೂ ಸಿಗದು.

ನಮ್ಮ ನೀಲಗಿರಿಯ ಮೇಲ್ಭಾಗದಲ್ಲಿ ಡಿಸೆಂಬರ್, ಜನವರಿಯಲ್ಲಿ ಮಂಜು ಹೆಪ್ಪುಗಟ್ಟುತ್ತದೆ. ನ್ಯೂಯಾರ್ಕಿನ ಚಳಿಯ ಮುಂದೆ ಅದು ಸಣ್ಣದು. ಬಲಿತ ಗಿಡ ತಡೆದುಕೊಳ್ಳುತ್ತದೆ, ಎಳೆಯ ಗಿಡಕ್ಕೆ ಮಾತ್ರ ಗೋಣಿ ಹೊದಿಸಿ. ಇಲ್ಲಿ ದೊಡ್ಡ ಶತ್ರು ಮಳೆ. ತೇವದಲ್ಲಿ ಎಲೆಗೆ ತುಕ್ಕು ರೋಗ ಹತ್ತುತ್ತದೆ, ಹಣ್ಣು ಒಡೆದು ಹುಳಿಯುತ್ತದೆ. ಹಣ್ಣಾಗುವ ಕಾಲ ಮಾರ್ಚ್‌ನಿಂದ ಮೇ ಒಳಗೆ ಬೀಳುವಂತೆ ನೋಡಿಕೊಳ್ಳುವುದು ಲೇಸು. ಅದಕ್ಕಾಗಿ ಹಳೆಯ ಗೆಲ್ಲುಗಳನ್ನೆಲ್ಲ ಸವರಿ ಹಾಕದೆ ಕೆಲವನ್ನು ಉಳಿಸಿಕೊಳ್ಳಬೇಕು. ಒಮ್ಮೆಗೇ ಎಕರೆಗಟ್ಟಲೆ ಬೇಡ. ಬಿಸಿಲು ಬೀಳುವ ಗೋಡೆಯ ಬದಿಯಲ್ಲಿ ಎರಡು ಮೂರು ತಳಿಗಳನ್ನು ದೊಡ್ಡ ಕುಂಡದಲ್ಲಿಟ್ಟು ಪರೀಕ್ಷಿಸಿ. ಮಳೆ ಬಂದಾಗ ಮಾಡಿನಡಿಗೆ ಸರಿಸಲೂ ಸುಲಭ.

ಆರೋಗ್ಯದ ಬಗ್ಗೆ ಎರಡು ಮಾತು. ನಾರು ಇರುವುದರಿಂದ ಅಂಜೂರ ಮಲಬದ್ಧತೆಗೆ ಹಿತ. ಆದರೆ ತಾಜಾ ಹಣ್ಣಿನಲ್ಲಿ 100 ಗ್ರಾಮಿಗೆ ಸುಮಾರು 16 ಗ್ರಾಂ ಸಕ್ಕರೆ ಇದ್ದರೆ, ಒಣಗಿದ್ದರಲ್ಲಿ ಸುಮಾರು 48 ಗ್ರಾಂ ಇದೆ. ಸಕ್ಕರೆ ಕಾಯಿಲೆಯವರು ಒಣ ಅಂಜೂರವನ್ನು ಔಷಧವೆಂದು ಮುಷ್ಟಿಗಟ್ಟಲೆ ತಿನ್ನಬಾರದು. ಗೆಲ್ಲು ಸವರುವಾಗ ಒಸರುವ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಉದ್ದ ತೋಳಿನ ಅಂಗಿ ತೊಡಿ, ಕೈ ತೊಳೆಯಿರಿ, ಮಕ್ಕಳನ್ನು ದೂರವಿಡಿ.

ಅಂಜೂರದ ಸಸಿ ಮಾಡಲು ಯಾವ ವಿದ್ಯೆಯೂ ಬೇಡ. ಎಲೆ ಉದುರಿದ ಗಿಡದಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಕತ್ತರಿಸಿ ಮರಳು ಮಿಶ್ರಿತ ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ. ಎಲೆಯಲ್ಲಿ ಹಳದಿ ಮಚ್ಚೆಯಿರುವ ಗಿಡದಿಂದ ಮಾತ್ರ ತೆಗೆಯಬೇಡಿ, ನಂಜುರೋಗ ಕಡ್ಡಿಯ ಜತೆಗೇ ಬರುತ್ತದೆ. ವಾಚಕರೇ, ನೆರೆಮನೆಯಲ್ಲಿ ಫಲ ಕೊಡುವ ಗಿಡವಿದ್ದರೆ ಮೊದಲು ಹಣ್ಣು ಕೇಳಿ ತಿನ್ನಿ, ಹಿಡಿಸಿದರೆ ಕಡ್ಡಿ ಕೇಳಿ ತನ್ನಿ. ನಿಮ್ಮಲ್ಲಿದ್ದರೆ ಕೇಳಿದವರಿಗೆ ಇಲ್ಲವೆನ್ನಬೇಡಿ. ನಮ್ಮ ಮಣ್ಣಿನಲ್ಲಿ, ನಮ್ಮ ಚಳಿಯಲ್ಲಿ ಹಣ್ಣು ಕೊಟ್ಟ ಗಿಡದ ಕಡ್ಡಿಗೆ ಯಾವ ದೂರದೇಶದ ಹೆಸರೂ ಸಮನಲ್ಲ.