ಅವಳಿ ಮರಿ ಬೇಕು, ಹಿಡಿ ಕಾಳು ಬೇಡವೇ?

ಚಳ್ಳಕೆರೆ, ಹಿರಿಯೂರು ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ರಸ್ತೆಗೆ ಅಡ್ಡ ಬರುವ ಕುರಿಮಂದೆ ಹೊಸದಲ್ಲ. ಡ್ರೈವರ್ ಹಾರನ್ ಒತ್ತುತ್ತಾನೆ, ಪ್ರಯಾಣಿಕರು ಗೊಣಗುತ್ತಾರೆ, ಮಂದೆ ತನ್ನ ಪಾಡಿಗೆ ದಾಟುತ್ತದೆ. ಹೊಟ್ಟೆ ಜೋತುಬಿದ್ದು ಹಿಂದೆ ಉಳಿಯುವ ಗಬ್ಬದ ಕುರಿಯ ಮೇಲೆ ಯಾರ ಕಣ್ಣೂ ಬೀಳದು. ಮಾಂಸದ ದರ ಏರಿದಾಗ ಮಾತ್ರ ಎಲ್ಲರ ಬಾಯಿ ತೆರೆಯುತ್ತದೆ!

2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿದ್ದವು. ತೆಲಂಗಾಣ, ಆಂಧ್ರ ಬಿಟ್ಟರೆ ಕರ್ನಾಟಕವೇ ಮುಂದು. ಆದರೆ ಈ ಸಂಪತ್ತು ಕೈ ಜಾರುವುದು ಎಲ್ಲಿ?

ಲೆಕ್ಕ ಸುಲಭ. ಕುರಿಯ ಗಬ್ಬ ಐದು ತಿಂಗಳು. ದೀಪಾವಳಿ ಪಾಡ್ಯಕ್ಕೆ ಗಬ್ಬ ಕಟ್ಟಿದ್ದು ಯುಗಾದಿ ಪಾಡ್ಯದ ಹೊತ್ತಿಗೆ ಈಯಬೇಕು. ಮರಿ ಹೊಟ್ಟೆಯಲ್ಲಿ ಮುಕ್ಕಾಲುಪಾಲು ಬೆಳೆಯುವುದು ಕೊನೆಯ ಆರು ವಾರದಲ್ಲಿ, ಅಂದರೆ ಭಾರತ ಹುಣ್ಣಿಮೆಯ ಆಚೆಗೆ. ಆಗಲೇ ಹೊಲ ಬೋಳು, ಬಿಸಿಲು ಜೋರು. ಹೊಟ್ಟೆಯೊಳಗೆ ಮರಿಗಳೇ ಜಾಗ ಹಿಡಿದಿರುವಾಗ ಒಣ ಹೊಟ್ಟು ಎಷ್ಟು ತಿಂದೀತು ಪಾಪ! ಮೈಯ ಕೊಬ್ಬು ಕರಗಿ ಮರಿಗೆ ಹೋಗುತ್ತದೆ, ಪಿತ್ತಜನಕಾಂಗ ಸೋಲುತ್ತದೆ, ರಕ್ತದಲ್ಲಿ ಕೀಟೋನ್ ಎಂಬ ವಿಷ ಏರುತ್ತದೆ. ಕುರಿ ಮಂದೆ ಬಿಟ್ಟು ಒಂಟಿಯಾಗಿ ನಿಲ್ಲುತ್ತದೆ, ಮೇವು ಮೂಸುವುದಿಲ್ಲ, ಹಲ್ಲು ಕಡಿಯುತ್ತದೆ, ಕಣ್ಣು ಕಾಣದಂತೆ ಎಡವುತ್ತದೆ. ನೆಲ ಹಿಡಿದ ಮೇಲೆ ಉಳಿಯುವುದು ಅಪರೂಪ. 'ದೃಷ್ಟಿ ತಾಗಿತು' ಅಂತ ಬೂದಿ ಹಚ್ಚುವಷ್ಟರಲ್ಲಿ ತಾಯಿಯ ಜೊತೆ ಮರಿಗಳೂ ಹೋದಂತೆ.

ಒಂದು ಮರಿ ಹೊತ್ತದ್ದಕ್ಕಿಂತ ಅವಳಿ ಹೊತ್ತ ಕುರಿಗೇ ಈ ರೋಗ ಹೆಚ್ಚು. ಮಹಾರಾಷ್ಟ್ರದ ಫಲ್ಟಣದ ಸಂಶೋಧಕರು ಬಂಗಾಳದ ಗರೋಳೆ ಕುರಿಯ ಅವಳಿ ಗುಣವನ್ನು ದಖನಿ ತಳಿಗೆ ಬೆರೆಸಿ ಮಾಡಿದ 'ನಾರಿ ಸುವರ್ಣ' ಈಗ ನಮ್ಮ ರೈತರ ಹಟ್ಟಿಗೂ ಬಂದಿದೆ. ಒಳ್ಳೆಯದೇ. ಆದರೆ ಅವಳಿ ತಳಿ ತಂದು ಒಂಟಿ ಮರಿಯ ಮೇವು ಹಾಕಿದರೆ ಏನಾದೀತು? ಹಾಗಂತ ಮೊದಲಿನಿಂದಲೇ ಕೊಬ್ಬಿಸಿದರೂ ಕಷ್ಟ. ತೀರಾ ಕೊಬ್ಬಿದ ಕುರಿಗೂ ಇದೇ ಗತಿ.

ಮರಿ ಬದುಕಿ ಹುಟ್ಟಿದರೂ ಸಂಕಟ ತೀರದು. ಸೊರಗಿದ ತಾಯಿಯ ಮರಿ ಬಡಕಲು, ಚಳಿ ತಡೆಯದು. ಕುರಿಯಲ್ಲಿ ರೋಗ ತಡೆಯುವ ಶಕ್ತಿ ಮರಿಗೆ ಗರ್ಭದಲ್ಲಿ ಸಿಗುವುದಿಲ್ಲ, ಗಿಣ್ಣುಹಾಲಿನಿಂದಲೇ ಬರಬೇಕು. ಅದೂ ಹುಟ್ಟಿದ ಕೆಲವೇ ಗಂಟೆಯೊಳಗೆ. ಕೆಚ್ಚಲೇ ಬತ್ತಿದ್ದರೆ ಗಿಣ್ಣು ಎಲ್ಲಿಂದ?

ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಶೇಂಗಾ ಹಿಂಡಿಗೆ ಅಲ್ಲಿ ಬರವಿಲ್ಲ. ದಿನಾ ಹಾಲಿನ ಕಾಸು ತರುವ ಎಮ್ಮೆ ಹಸುವಿಗೆ ಅದು ಸಿಗುತ್ತದೆ, ಕರೆಯದ ಕುರಿಗೆ ಯಾರು ಹಾಕುತ್ತಾರೆ? ಮುಸುಕಿನ ಜೋಳದ ನುಚ್ಚು, ಸ್ವಲ್ಪ ಹಿಂಡಿ ಸೇರಿಸಿ ದಿನಕ್ಕೆ ಕಾಲು ಕಿಲೋ, ಆರು ವಾರಕ್ಕೆ ಹತ್ತು ಹನ್ನೊಂದು ಕಿಲೋ. ಇಷ್ಟೇ ಖರ್ಚು. ಒಂದೇ ಸಲ ಸುರಿದರೆ ಹೊಟ್ಟೆ ಹುಳಿಯಾಗಿ ಬೇರೆ ಪೀಡೆ. ಹಿಡಿಯಿಂದ ಶುರುಮಾಡಿ ಏರಿಸಬೇಕು.

ಲಸಿಕೆ ಹಾಕಲು ಹಟ್ಟಿಗೆ ಬರುವ ಪಶು ಇಲಾಖೆಯವರು ಗಬ್ಬದ ಕುರಿಯ ಸೊಂಟದ ಮೂಳೆಯನ್ನೂ ಒಮ್ಮೆ ಮುಟ್ಟಿ ನೋಡಲಿ. ಚೂಪಾಗಿ ಕೈಗೆ ಚುಚ್ಚಿದರೆ ಆ ಕುರಿಗೆ ಕಾಳು ಬೇಕೇ ಬೇಕು. ಇದಕ್ಕೆ ಯಂತ್ರ ಬೇಡ, ಕಾಸೂ ಬೇಡ. ಮಂದೆ ಬಿಟ್ಟು ನಿಂತ ಕುರಿ ಕಂಡರೆ ಕುರಿಗಾಹಿಗಳು ಅಂದೇ 1962ಕ್ಕೆ ಫೋನ್ ಮಾಡಲಿ. ನಾಳೆ ನೋಡೋಣ ಅಂದರೆ ತಡವಾದೀತು.